ಲಗಮಣ್ಣ ಬರೆದ ಮೊಗ್ಗಿನ ಇಂಗ್ಲಿಷು

ಸತ್ತಿ ಊರಿನ ದ್ರಾಕ್ಷಿ ಬೆಳೆಗಾರ ಲಗಮಣ್ಣನ ಪ್ರತಿಜ್ಞೆ ಇಷ್ಟೇ: ಮಗಳ ಹಾಸ್ಟೆಲ್ ಅರ್ಜಿಗೆ ಪಾಲಕರ ಪತ್ರವನ್ನು ತಾನೇ ಬರೆಯುವುದು, ಅದೂ ಇಂಗ್ಲಿಷಿನಲ್ಲಿ! ಹನ್ನೆರಡು ಕೋಣೆಗೆ ನೂರು ಅರ್ಜಿ ಬಿದ್ದಿದ್ದವು. ಕೋಣೆ ಸಿಗದಿದ್ದರೆ ದೀಪಾಲಿ ನಿಪ್ಪಾಣಿಯ ಕಾಲೇಜಿನ ಆಸೆಯನ್ನೇ ಬಿಡಬೇಕು. ದಿನಾ ಹೋಗಿ ಬರುವ ದೂರವಲ್ಲ ಅದು. ಇಂಥ ಯುದ್ಧಕ್ಕೆ ಸಾದಾ ಅಸ್ತ್ರ ಸಾಲದೆಂದು ಲಗಮಣ್ಣ, ಎಂದೋ ಓದಿ ನೆನಪಿನಲ್ಲಿ ಬಚ್ಚಿಟ್ಟಿದ್ದ ಮೊಗ್ಗಿನ ಮಾತೊಂದನ್ನು ಹೊರತೆಗೆದ: ‘ನಿಪ್ ಇನ್ ದ ಬಡ್’. ಮಗಳ ಬುದ್ಧಿಯನ್ನು ಚಿಕ್ಕಂದಿನಿಂದಲೂ ನಿಪ್ ಇನ್ ದ ಬಡ್ ಮಾಡುತ್ತ ಬಂದಿದ್ದೇನೆ ಎಂದು ಬರೆದು, ಅಡಿಗೆರೆ ಬೇರೆ ಎಳೆದ.

ಓದಿದ ದೀಪಾಲಿಯ ಮುಖ ಇಳಿಯಿತು. “ಅಪ್ಪಾ, ಹಂಗಂದ್ರ ಮೊಗ್ಗಿನಾಗ ಚಿವುಟಿ ಹಾಕೂದು. ತಲಿ ಎತ್ತಾಕ ಬಿಡದಂಗ.”

“ಇನ್ನೂ ನಿಪ್ಪಾಣಿಗೆ ಕಾಲಿಟ್ಟಿಲ್ಲ, ಆಗಲೇ ನನಗ ನಿಪ್ ಕಲಿಸಾಕತ್ತಿ ಏನವಾ? ಮೂವತ್ತು ವರ್ಷಾತು ಬಳ್ಳಿಗೆ ಚಾಟಣಿ ಮಾಡಾಕತ್ತು. ಚಿಗುರೊಡಿಯೂ ಕಣ್ಣ ನೋಡಿ ಟೊಂಗಿಗೆ ಕತ್ತರಿ ಹಾಕಲಿಲ್ಲಂದ್ರ ಬರೇ ಎಲಿ. ಚಿವುಟಿದ್ರನ ಹಣ್ಣು.”

ಇಂಗ್ಲಿಷರು ಒಂದೆಕರೆ ದ್ರಾಕ್ಷಿ ಮಾಡಿದ್ದರೆ ಅವರಿಗೂ ಈ ಮಾತಿನ ಸರಿಯಾದ ಅರ್ಥ ತಿಳಿಯುತ್ತಿತ್ತು ಎಂಬುದು ಅವನ ವಾದ. ಒಂದಕ್ಷರವೂ ತಿದ್ದದೆ ಪತ್ರ ಹೋಯಿತು.

ವಾರದೊಳಗೆ ವಾರ್ಡನ್ ಸುಜಾತಾ ಮೇಡಂ ತಂದೆ ಮಗಳಿಬ್ಬರನ್ನೂ ಕರೆಸಿದರು. ಬೆಳಗಾವಿ ಪೇಟೆಯಲ್ಲಿ ಬೆಳೆದ ಮೇಡಂ ದ್ರಾಕ್ಷಿಯನ್ನು ತಕ್ಕಡಿಯಲ್ಲಿ ಮಾತ್ರ ಕಂಡವರು. ಪತ್ರವನ್ನು ಮುಂದಿಟ್ಟು, ಇದನ್ನು ನೀವೇ ಬರೆದಿರಾ ಎಂದು ತಣ್ಣಗೆ ಕೇಳಿದರು. ಲಗಮಣ್ಣ ಎದೆ ಸೆಟೆಸಿದ.

“ಬರದದ್ದಷ್ಟ ಅಲ್ರಿ, ಮಾಡೀನಿ. ಚಿಗುರು ಕಂಡಲ್ಲಿ ಬಿಟ್ಟಿಲ್ಲ.”

“ನಿಮಗ ಒಂದೀಟೂ ಕೆಟ್ಟ ಅನಸೂದಿಲ್ಲೇನ್ರಿ?”

“ಯಾತಕ್ರಿ? ಇನ್ನೊಬ್ಬಾಕಿ ಮಗಳಿದ್ದಿದ್ರ ಆಕಿಗೂ ಹಂಗ ಮಾಡ್ತಿದ್ನಿ.”

ತೋಟದ ಕಥೆಯನ್ನಾದರೂ ಹೇಳಿ ಪಾರಾಗೋಣವೆಂದು ದೀಪಾಲಿ ಬಾಯಿ ತೆರೆದಳು. ದೊಡ್ಡವರು ಮಾತಾಡುವಾಗ ನಡುವೆ ಬರಬೇಡವೆಂದು ಲಗಮಣ್ಣ ಅವಳನ್ನು ಅಲ್ಲೇ ತಡೆದ. ಮೇಡಂ ಅದನ್ನೂ ಬರೆದುಕೊಂಡರು.

ಪಟ್ಟಿ ಬಂದಾಗ ದೀಪಾಲಿಯ ಹೆಸರೇ ಮೊದಲು! ಲಗಮಣ್ಣ ಊರಿಗೆಲ್ಲ ಪೇಢೆ ಹಂಚಿದ. ಪೇಢೆ ತಿಂದವರೆಲ್ಲ ಅವನ ಇಂಗ್ಲಿಷಿನ ಮಹಿಮೆಯನ್ನೂ ಕೇಳಲೇಬೇಕಾಯಿತು. ದೀಪಾಲಿ ಹಾಸ್ಟೆಲಿಗೆ ಹೋದ ವಾರವೇ ಅಲ್ಲಿನ ಆದೇಶ ಟಪಾಲಿನಲ್ಲಿ ಬಂದಾಗ ಅದನ್ನು ಹೆಂಡತಿ ಗೌರಾಬಾಯಿಯ ಕೈಗಿತ್ತು, ನಾಲ್ಕು ಮನೆಗೆ ಕೇಳುವ ಹಾಗೆ ಓದು ಎಂದ.

ಗೌರಾಬಾಯಿ ಹಾಗೆಯೇ ಓದಿದಳು: “ಮನೆಯಲ್ಲಿ ತಂದೆಯ ಕಿರುಕುಳವಿರುವುದರಿಂದ ಈ ವಿದ್ಯಾರ್ಥಿನಿಗೆ ಮೊದಲ ಆದ್ಯತೆ. ಭೇಟಿಗೆ ತಾಯಿಗೆ ಮಾತ್ರ ಅವಕಾಶ.”

ಪಕ್ಕದ ಮನೆಯ ಕಿಟಕಿಯೊಂದು ಮೆಲ್ಲಗೆ ತೆರೆದುಕೊಂಡಿತು.

“ಏನರ ಇರ್ಲಿ, ಕ್ವಾಣಿ ಬಂತಿಲ್ಲೋ?” ಎಂದ ಲಗಮಣ್ಣ, ಸೋಲದೆ.

“ಬಂತ್ರಿ. ಐತವಾರ ನಾ ಹೋಗಿ ಆಕಿನ್ನ ಮಾತಾಡ್ಸಿ ಬರ್ತೀನಿ. ಮಗಳಿಗೆ ಏನರ ಹೇಳೂದಿದ್ರ ಒಂದು ಚೀಟಿ ಬರದು ಕೊಡ್ರಿ,” ಎಂದಳು ಗೌರಾಬಾಯಿ. “ಕನ್ನಡದಾಗ.”