ತವರಿಗೊಂದು ಪರವಾನಗಿ

ಮೈಕ್‌ಸೆಟ್ ಬಾಡಿಗೆ ಕೊಡುವವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಯಾರನ್ನಾದರೂ ವೇದಿಕೆ ಹತ್ತಿಸಿದರೆ ಸಾಕು, ಅದೇ ಬರುತ್ತದೆ. ನಾನು ಸುಳ್ಳು ಹೇಳುವುದಿಲ್ಲ, ಉಪ್ಪು ಮಾತ್ರ ಸ್ವಲ್ಪ ಹೆಚ್ಚು ಹಾಕುತ್ತೇನೆ.

ತೊಂಬತ್ತರ ದಶಕದ ಕೊನೆಗೆ ನಮ್ಮೂರ ಪ್ರೊಫೆಸರರೊಬ್ಬರು ಯಾರದೋ ಖರ್ಚಿನಲ್ಲಿ ಹದಿನೈದು ದಿನ ಉತ್ತರ ಕೊರಿಯಾ ನೋಡಿ ಬಂದು, ನಾಲ್ಕು ಊರಲ್ಲಿ ಅದರ ಗುಣಗಾನದ ಭಾಷಣ ಇಟ್ಟುಕೊಂಡರು. ಜೀಪು ನನ್ನದು, ಮೈಕೂ ನನ್ನದು. ಅವರ ಹೆಂಡತಿಗೆ ನಾವು ವೈನಿ ಅನ್ನುತ್ತಿದ್ದೆವು. ಪಂಚಮಿಗೆ ತಂಗಡಗಿಯ ತವರಿಗೆ ಹೋಗಬೇಕೆಂದು ವೈನಿ ಕೇಳಿದರೆ ಪ್ರೊಫೆಸರರು, "ಭಾಷಣ ಮುಗೀಲಿ, ನೋಡೂಣು" ಅಂದಿದ್ದರು. ಈ "ನೋಡೂಣು" ಮೂರು ಪಂಚಮಿಯಿಂದ ನಡೆದಿತ್ತು.

ಇಂಡಿ

"ಅಲ್ಲಿ ಯಾರೂ ಸುಮ್ಮನ ಅಡ್ಡಾಡೂದಿಲ್ಲ. ಪರವೂರಿಗೆ ಹೋಗಾಕ ಪರವಾನಗಿ ಬೇಕು. ಏನು ಶಿಸ್ತು!" ಎಂದರು ಪ್ರೊಫೆಸರರು.

ಹೊರ್ತಿಯ ರೈತನೊಬ್ಬ ಎದ್ದ. "ಸರ, ನನ್ನ ಎತ್ತು ಹಗ್ಗ ಹರ್ಕೊಂಡು ಬ್ಯಾರೆ ತಾಲೂಕಿಗೆ ಓಡಿದ್ರ?"

"ಅದರ ಹಿಂದ ಹೋಗಾಕ ನೀ ಅರ್ಜಿ ಕೊಡಬೇಕು."

"ಎತ್ತು ಅರ್ಜಿ ಕೊಡಬೇಕಾಗಿಲ್ಲಲ್ರಿ?"

"ಇಲ್ಲ."

"ಹಂಗಾರ ಅಲ್ಲಿ ಎತ್ತಾಗಿ ಹುಟ್ಟೂದು ಚಲೋ ಬಿಡ್ರಿ."

ಸಿಂದಗಿ

"ಹಳ್ಳಿ ನೋಡಿದ್ರೇನ್ರಿ?" ಎಂದು ಯಾರೋ ಕೇಳಿದರು.

"ನೋಡಿದೆ, ಕಾರಿನಾಗಿಂದ. ಜೋಡಿ ಇದ್ದ ಮಾರ್ಗದರ್ಶಿ ಇಳೀಬ್ಯಾಡ್ರಿ ಅಂದ."

"ಹೋಟೆಲಿನಿಂದ ಹೊರಗ ಒಬ್ಬರೇ ಅಡ್ಡಾಡಿ ಬರಲಿಲ್ರಿ?"

"ಬಾಗಿಲದಾಗ ಅವನೇ ನಿಂತಿರ್ತಿದ್ದ. ಭಾಳ ಕಾಳಜಿ!"

ಬಂದೋಬಸ್ತಿಗೆ ಬಂದಿದ್ದ ಹವಾಲ್ದಾರ ಹಿಂದಿನಿಂದ ಹೇಳಿದ: "ನಮ್ಮ ಸ್ಟೇಷನ್ನಿನಾಗೂ ಅಷ್ಟೇ ಕಾಳಜಿ ಮಾಡ್ತೇವ್ರಿ ಸರ. ಅದಕ್ಕ ನಾವು ಲಾಕಪ್ ಅಂತೇವಿ."

ಮುದ್ದೇಬಿಹಾಳ

ಒಬ್ಬ ಮುದುಕಿ ಕೇಳಿದಳು: "ಯಪ್ಪಾ, ಮಗಳು ತವರಿಗೆ ಬರಬೇಕಂದ್ರ?"

"ಕಾರಣ ಬರದು ಅರ್ಜಿ ಕೊಡಬೇಕವ್ವಾ. ಅಧಿಕಾರಿ ಸಹಿ ಆಗಬೇಕು."

"ಅವ್ವನ್ನ ನೋಡಬೇಕು ಅನ್ನೂದು ಕಾರಣ ಆಗತೈತಿಲ್ಲೋ?"

"ಅದನ್ನ ಅಧಿಕಾರಿ ತೀರ್ಮಾನ ಮಾಡ್ತಾನ."

ಮುದುಕಿ ತಲೆಮೇಲೆ ಸೆರಗು ಎಳೆದುಕೊಂಡಳು. "ನಮ್ಮತ್ತಿ ಸತ್ತು ಇಪ್ಪತ್ತು ವರ್ಷ ಆತು. ಮತ್ತ ಎಲ್ಲಿ ಹುಟ್ಟ್ಯಾಳ ಅನ್ನೂದು ಇವತ್ತು ಗೊತ್ತಾತು!"

ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ವೈನಿ ನಗಲಿಲ್ಲ. ಸಂಘಟಕರು ಪ್ರೊಫೆಸರರಿಗೆ ಹಾರ ಹಾಕುತ್ತಿದ್ದಾಗ ನನ್ನ ಹತ್ತಿರ ಬಂದು, "ತಮ್ಮಾ, ಅರ್ಜಿ ಹೆಂಗ ಬರೀತಾರೋ?" ಎಂದರು. ಇಂಥ ಪುಣ್ಯದ ಕೆಲಸಕ್ಕೆ ನಾನು ಎಂದೂ ಇಲ್ಲ ಅಂದವನಲ್ಲ. ಅಲ್ಲೇ ಬರೆದುಕೊಟ್ಟೆ.

ಬಸವನ ಬಾಗೇವಾಡಿ

ಮೂರೂರಿನ ಅವಮಾನ ತೀರಿಸಿಕೊಳ್ಳಲು ಪ್ರೊಫೆಸರರು ಗುಡುಗಿದರು: "ಪರವಾನಗಿ ಅಂದ್ರ ಬಂಧನ ಅಲ್ಲ! ಅರ್ಜಿ ಕೊಟ್ಟ ಕೂಡಲೇ ಸಹಿ ಆಗತೈತಿ!"

ವೈನಿ ವೇದಿಕೆ ಹತ್ತಿ ಕಾಗದ ಕೈಗಿಟ್ಟರು. ನಾನು ಮೈಕಿನ ಸೌಂಡು ಏರಿಸಿದೆ.

"ಏನಿದು?"

"ಅರ್ಜಿ ರೀ. ತಂಗಡಗಿಗೆ ಹೋಗಾಕ. ಕಾರಣ, ಅವ್ವನ್ನ ನೋಡೂದು."

"ಮನಿಗೆ ಹೋಗಿ ನೋಡೂಣು..." ಎಂದು ಪಿಸುಗುಟ್ಟಿದ್ದು ಇಡೀ ಬಾಗೇವಾಡಿಗೆ ಕೇಳಿಸಿತು.

"ಕೂಡಲೇ ಅಂದ್ರೆಲ್ರಿ ಸರ!" ಸಭೆ ಕೂಗಿತು.

ಬೆವರು ಒರೆಸಿಕೊಳ್ಳುತ್ತ ಸಹಿ ಹಾಕಿದರು. ವೈನಿ ನೆಟ್ಟಗೆ ಬಂದು ಜೀಪು ಹತ್ತಿದರು. ಅವರ ಚೀಲ ಮುಂಜಾನೆಯೇ ಹತ್ತಿತ್ತು.

ತಿಂಗಳಾದ ಮೇಲೆ ಪ್ರೊಫೆಸರರು ಖಾನಾವಳಿಯಲ್ಲಿ ಒಬ್ಬರೇ ರೊಟ್ಟಿ ಮುರಿಯುತ್ತ ಕೂತಿದ್ದರು. ನನ್ನ ಕಂಡು, "ಯಾವಾಗ ಬರ್ತಾಳಂತೋ?" ಅಂದರು.

"ಸರ, ನಿಮ್ಮ ಸಹಿ ಹೋಗೂದಕ್ಕಷ್ಟೇ ನಡೀತೈತ್ರಿ. ಬರೂದಕ್ಕ ವೈನಿ ಬ್ಯಾರೆ ಅರ್ಜಿ ಹಾಕ್ಯಾರ. ಆದ್ರ ಅಲ್ಲಿ ಅಧಿಕಾರಿ ನಿಮ್ಮತ್ತಿ. ಅವರು 'ನೋಡೂಣು' ಅಂದಾರಂತ."