ಸಾಹುಕಾರರ ಮುಂದೆ ನಾನು, ನನ್ನ ಮುಂದೆ ಬೆಕ್ಕು

ಮಾನ್ವಿಯ ನಮ್ಮ ಓಣಿಯಲ್ಲಿ ನನ್ನಷ್ಟು ತಲೆ ಇರುವ ಹುಡುಗ ಇನ್ನೊಬ್ಬನಿಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಮನೆಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ.

ನಮ್ಮ ಮನೆಯ ಸಮಸ್ಯೆ ಬೆಕ್ಕುಗಳದ್ದು. ದಾರಿಯಲ್ಲಿ ನಡೆಯುವಾಗ ಬೇರೆಯವರಿಗೆ ಅಂಗಡಿಗಳು ಕಾಣುತ್ತವೆ, ಅವ್ವನಿಗೆ ಬಿದ್ದುಕೊಂಡ ಬೆಕ್ಕುಗಳು ಕಾಣುತ್ತವೆ. ಅಪ್ಪ ಕೆಲಸ ಮಾಡುವ ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕು ಕಾಲು ಕಳೆದುಕೊಂಡ ಬೆಕ್ಕಿನ ಹೆಸರು ಕುಂಟಿ. ನೀರಮಾನ್ವಿಯ ಬಸ್ಸಿನಲ್ಲಿ ಸೀಟಿನ ಕೆಳಗೆ ಯಾರೋ ಬಿಟ್ಟುಹೋದದ್ದರ ಹೆಸರು ಕಂಡಕ್ಟರ್. ಉಳಿದವನ್ನು ಎಣಿಸಲು ಕೂತರೆ, ಎಣಿಕೆ ಮುಗಿಯುವುದರೊಳಗೆ ಅವುಗಳಲ್ಲೊಂದು ಮರಿ ಹಾಕಿರುತ್ತಿತ್ತು. ಮನೆಯಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ತಿಂದು ಶರಣರ ಹಾಗೆ ಕಣ್ಣುಮುಚ್ಚಿ ಕೂರುತ್ತಿದ್ದವು. ಹಿತ್ತಲ ಗೋಡೆಯಾಚೆ ಖಾಜಾಬಿ ಚಾಚಿಯ ಅಡುಗೆಮನೆ. ಅಲ್ಲಿ ಏನು ತಿನ್ನುತ್ತಿದ್ದವೋ, ನಾವು ಕೇಳಲಿಲ್ಲ, ಅವು ಹೇಳಲಿಲ್ಲ.

ಮನೆಯ ಮಾಲೀಕರು ಶರಣಪ್ಪ ಸಾಹುಕಾರರು. ನಮ್ಮ ಪಕ್ಕದಲ್ಲೇ ವಾಸ, ಬಜಾರಿನಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿ. ಬೆಕ್ಕು ಅಡ್ಡ ಹೋದರೆ ಅವರು ಒಂದು ಹೆಜ್ಜೆಯನ್ನೂ ಮುಂದಿಡುವುದಿಲ್ಲ. ತಿರುಗಿ ಬಂದು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಶಿವನಾಮ ನುಡಿದು ಮತ್ತೆ ಹೊರಡಬೇಕು. ಒಂದು ಬೆಕ್ಕಿರುವ ಓಣಿಗೆ ಇದು ಒಳ್ಳೆಯ ಪದ್ಧತಿ. ನಮ್ಮ ಓಣಿಯಲ್ಲಿ ಸಾಹುಕಾರರು ಎದ್ದು, ಕೂತು, ಎದ್ದು, ಕೂತು, ಹೊಟ್ಟೆ ತುಂಬ ನೀರು ಕುಡಿದು, ಅಂಗಡಿಗೆ ಹೋಗುವ ಬದಲು ಹಿತ್ತಲಿಗೆ ಓಡುತ್ತಿದ್ದರು. ಹೀಗೇ ಒಂದು ದಿನ ರಾಯಚೂರಿನ ಬಸ್ಸು ತಪ್ಪಿತು. ಅವರು ಅವ್ವನಿಗೆ ಶಾಂತವಾಗಿಯೇ ಹೇಳಿದರು: ಮನೆಯಲ್ಲಿ ಬೆಕ್ಕು ಇರಬೇಕು, ಇಲ್ಲವೇ ನೀವಿರಬೇಕು.

ಅವ್ವ ಕುಂಟಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಅದರ ಕಿವಿ ಸವರುತ್ತ ನಿಂತಳು. ಅವಳು ಹಾಗೆ ನಿಂತರೆ ನನಗೆ ತಡೆಯಲಾಗುವುದಿಲ್ಲ. ತಲೆ ಓಡಿಸಿದೆ.

"ಸಾಹುಕಾರ್ರೇ, ಬೆಕ್ಕು ದಾಟಿದ ಮ್ಯಾಲೆ ಆ ದಾರಿಗುಂಟ ಮೊದಲು ಯಾರು ಹೋಗ್ತಾರ, ಅಪಶಕುನ ಅವರಿಗೇ ಅಲ್ರಿ?"

"ಹೌದು."

"ಹಂಗಾರ ದಿನಾ ನಾ ಮುಂದ ಹೋಗ್ತೀನ್ರಿ. ನೀವು ಹಿಂದ ಬರ್ರಿ."

ಅವರು ಗಲ್ಲ ಕೆರೆದುಕೊಂಡು ಒಪ್ಪಿದರು. ಹೀಗೆ ನಾನು ನಮ್ಮ ಓಣಿಯ ಅಧಿಕೃತ ಅಪಶಕುನ ಗುತ್ತಿಗೆದಾರನಾದೆ. ಮುಂಜಾನೆ ನಾನು ಎದೆ ಉಬ್ಬಿಸಿ ಮುಂದೆ, ಸಾಹುಕಾರರು ಕೊಡೆ ಹಿಡಿದು ಹಿಂದೆ. ಬೆಕ್ಕುಗಳೂ ನನ್ನ ಸೇವೆಗೆಂದೇ ಸಾಲುಗಟ್ಟಿ ಅಡ್ಡ ಬರುತ್ತಿದ್ದವು. ಕಂಡಕ್ಟರ್ ಅಂತೂ ದಾಟಿ, ಸಾಲದೆಂಬಂತೆ ತಿರುಗಿ ಇನ್ನೊಮ್ಮೆ ದಾಟುತ್ತಿತ್ತು.

ಆದರೆ ಗುತ್ತಿಗೆದಾರನಿಗೆ ಏನೂ ಆಗದಿದ್ದರೆ ಜನ ಮರ್ಯಾದೆ ಕೊಡುತ್ತಾರೆಯೇ? ಚಪ್ಪಲಿಯ ಉಂಗುಷ್ಟ ಕಿತ್ತರೆ, ಬೆಕ್ಕಿನ ಕಾಟ ಎಂದೆ. ಸೈಕಲ್ಲಿಗೆ ಮುಳ್ಳು ನೆಟ್ಟರೆ, ಬೆಕ್ಕು. ದೇವದುರ್ಗದ ರಸ್ತೆಯಲ್ಲಿ ಒಂದು ಕೋಣ ನನ್ನನ್ನು ನೋಡಿ ತಲೆಯಾಡಿಸಿತ್ತು. ಮನೆಗೆ ಬರುವಷ್ಟರಲ್ಲಿ ನನ್ನ ಬಾಯಲ್ಲಿ ಅದು ಜಾಲಹಳ್ಳಿಯವರೆಗೆ ನನ್ನನ್ನು ಅಟ್ಟಿಸಿಕೊಂಡು ಹೋಗಿತ್ತು. ಅವ್ವ ಬಾಯಿಗೆ ಸೆರಗು ಹಿಡಿದು ಕೇಳುತ್ತಿದ್ದಳು. ಕೇಳುವವರು ಹಾಗೆ ಕೇಳಿದರೆ ಕೋಣ ಇನ್ನೂ ಸ್ವಲ್ಪ ದೂರ ಓಡುತ್ತದೆ.

ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಪೇಪರಿನಲ್ಲಿ ನನ್ನ ನಂಬರ್ ಇರಲಿಲ್ಲ. ಗಣಿತ ಕೈ ಕೊಟ್ಟಿತ್ತು. ಅಪ್ಪ ಬೆಲ್ಟ್ ಬಿಚ್ಚತೊಡಗಿದ ಕೂಡಲೇ ನಾನು ಕಣ್ಣು ತಗ್ಗಿಸಿ ಹೇಳಿದೆ: ಒಂದು ವರ್ಷ ಊರಿನ ಅಪಶಕುನವನ್ನೆಲ್ಲ ಹೊತ್ತೆ, ಅದೆಲ್ಲ ಸೇರಿ ಗಣಿತದ ಪೇಪರಿನ ಮೇಲೆ ಬಿತ್ತು. ಅಪ್ಪ ಬೆಲ್ಟನ್ನು ಮತ್ತೆ ಬಿಗಿದುಕೊಂಡ. ಒಂದು ಏಟೂ ಬೀಳಲಿಲ್ಲ. ನನ್ನ ತಲೆಗೆ ನಾನೇ ನಮಸ್ಕಾರ ಮಾಡಿದೆ.

ಮರುದಿನ ಮುಂಜಾನೆ ಎದ್ದಾಗ ಅಂಗಳದಲ್ಲಿ ಅವ್ವ ಗೋಣಿಚೀಲ ಹಿಡಿದು ಕೂತಿದ್ದಳು. ಬೆಕ್ಕುಗಳನ್ನು ದೂರ ಬಿಟ್ಟುಬರಲು ಜಾಲಹಳ್ಳಿಗೆ ಹೋಗುವ ಬಂಡಿ ಬಾಗಿಲಲ್ಲಿ ನಿಂತಿತ್ತು. ಕಂಡಕ್ಟರ್ ಆಗಲೇ ಚೀಲದೊಳಗಿತ್ತು. ಉಸಿರಾಡಲಿ ಎಂದು ಅವ್ವ ಸೂಜಿಯಿಂದ ಗೋಣಿಯ ಎಳೆಗಳನ್ನು ಸಡಿಲಿಸುತ್ತಿದ್ದಳು. ಕುಂಟಿಗೆ ಕೂರಲು ಚೀಲದ ತಳದಲ್ಲಿ ತನ್ನ ಹಳೆಯ ಸೀರೆ ಮಡಚಿ ಹಾಸಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಏನಾದರೂ ತಮಾಷೆ ಹೇಳಿ ಪಾರಾಗುತ್ತಿದ್ದೆ.

"ಇವು ನನಗ ಜೀವಾನ ಹೌದು," ಎಂದಳು. "ಆದ್ರ ಮಗಾ ಮೊದಲು."

ನಾನು ಚೀಲದ ಬಾಯಿ ಹಿಡಿದುಕೊಂಡೆ. ಯವ್ವಾ, ಬೆಕ್ಕಿನದೇನೂ ತಪ್ಪಿಲ್ಲ, ನಾನು ಓದೇ ಇಲ್ಲ, ಪುಸ್ತಕದೊಳಗೆ ಬೇರೆ ಪುಸ್ತಕ ಇಟ್ಟುಕೊಂಡಿದ್ದೆ ಎಂದೆ. ಕೋಣವನ್ನು ನಂಬಿದ್ದ ಅವ್ವ ಇದನ್ನು ನಂಬಲಿಲ್ಲ! ಕೊಡೆ ಹಿಡಿದು ಹೊರಬಂದ ಸಾಹುಕಾರರಿಗೆ ನನ್ನನ್ನು ತೋರಿಸಿದಳು.

"ನೋಡ್ರಿ, ಬೆಕ್ಕಿನ ಸಲುವಾಗಿ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾನ. ಬಂಗಾರದಂಥಾ ಹುಡುಗ."

ಬಂಗಾರ ಬೆವರಿತು. ಬೇಕಾದರೆ ಒಂದು ಲೆಕ್ಕ ಕೇಳಿ ನೋಡ್ರಿ ಎಂದು ಸಾಹುಕಾರರ ಮುಂದೆ ಕೈಕಟ್ಟಿ ನಿಂತೆ. ಅವರು ಕೊಡೆ ಮಡಚಿ ಕೇಳಿದರು:

"ಹದಿನೇಳ ಎಂಟ್ಲೆ ಎಷ್ಟಲೇ ಮಲ್ಲ್ಯಾ?"

ಬೇಕೆಂದೇ ತಪ್ಪು ಹೇಳಬೇಕು ಎಂದುಕೊಂಡಿದ್ದೆ. ಸುಲಭದ ಕೆಲಸವೆಂದು ತಿಳಿದಿದ್ದೆ. ಆದರೆ ಸರಿ ಉತ್ತರ ಗೊತ್ತಿಲ್ಲದವನು ತಪ್ಪು ಉತ್ತರವನ್ನು ಆರಿಸುವುದು ಹೇಗೆ? ಬಾಯಿತಪ್ಪಿ ಸರಿಯಾಗಿಬಿಟ್ಟರೆ? ಕುಂಟಿ ಚೀಲದ ಬಾಯಿಂದ ನನ್ನನ್ನೇ ನೋಡುತ್ತಿತ್ತು. ಬೆರಳು ಮಡಚಿ, ಕಣ್ಣುಮುಚ್ಚಿ, ಕೊನೆಗೆ ನೂರಾ ಹದಿನಾಲ್ಕು ಎಂದೆ.

ಸಾಹುಕಾರರು ಕೊಡೆಯ ತುದಿಯಿಂದ ಚೀಲವನ್ನು ತೋರಿಸಿದರು.

"ಚೀಲ ಬಿಚ್ಚು ತಂಗೀ," ಎಂದರು. "ಬೆಕ್ಕು ದಾಟಿದ್ರ ಇಷ್ಟು ದಡ್ಡತನ ಬರೂದಿಲ್ಲ. ಇದಕ್ಕ ಹತ್ತು ವರ್ಷ ಕುಂತು ದುಡೀಬೇಕು."

ಬಂಡಿಯವನು ನಕ್ಕ. ಗೋಡೆಯಾಚೆ ಖಾಜಾಬಿ ಚಾಚಿ ನಕ್ಕಳು. ಅಪ್ಪನ ಕೈ ಮತ್ತೆ ಬೆಲ್ಟಿಗೆ ಹೋಯಿತು. ಬೆಕ್ಕುಗಳು ಒಂದೊಂದಾಗಿ ಚೀಲದಿಂದ ಹೊರಬಂದು, ಮೈ ಮುರಿದು, ಏನೂ ಆಗಿಲ್ಲವೆಂಬಂತೆ ಒಳಗೆ ನಡೆದವು.

ಸಂಜೆ ಅವ್ವ ನನ್ನ ಬೆನ್ನಿಗೆ ಎಣ್ಣೆ ಸವರುತ್ತ ಮೆಲ್ಲಗೆ ಕೇಳಿದಳು: "ಖರೇ ಹೇಳು. ಉತ್ತರ ಗೊತ್ತಿದ್ದೂ ಬೇಕಂತಲೇ ತಪ್ಪು ಹೇಳಿದಿ, ಹೌದಿಲ್ಲೋ?"

ಹೌದು ಎಂದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನಾಳೆ ಮತ್ತೆ ಚೀಲ ಬರುತ್ತಿತ್ತು. ಕುಂಟಿ ಅವಳ ತೊಡೆಯ ಮೇಲೆ ಗುರುಗುಡುತ್ತ ಮಲಗಿತ್ತು.

"ಇಲ್ಲಬೇ," ಎಂದೆ. "ನನಗ ಖರೇನ ಬರೂದಿಲ್ಲ."

ಆ ವರ್ಷ ಒಂದಿಷ್ಟೂ ಉಪ್ಪುಖಾರ ಹಚ್ಚದೆ ನಾನು ಹೇಳಿದ ಮಾತು ಅದೊಂದೇ. ಅವ್ವ ತಕ್ಷಣ ನಂಬಿದಳು. ಮಗನೆಂಬ ಮರ್ಯಾದೆಗಾದರೂ ಒಂದು ಗಳಿಗೆ ಯೋಚಿಸಬಹುದಿತ್ತು!