ಮೂರನೆಯವನಾಗಲು ಹೊರಟ ಫೈನಿಪ್ಪೋಸ್

ಫೈನಿಪ್ಪೋಸ್‌ನನ್ನು ನಾನು ಮೊದಲ ಸಲ ಕಂಡ ದಿನ ಅವನು ನನ್ನ ಅಂಗಳದ ಒಡಕು ಮಡಕೆ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಾನು ಕೊಟ್ಟ ಚೂರು ಬೇಡವೆಂದು ಜಗಳ ತೆಗೆದಿದ್ದ.

ಫೈನಿಪ್ಪೋಸ್: ಇದು ಅಡುಗೆ ಮಡಕೆ ಚೂರು ಅಜ್ಜಿ. ಮಸಿ ಹಿಡಿದಿದೆ. ನನ್ನ ಹೆಸರು ಇದರ ಮೇಲಾ?

ನಾನು: ಊರು ಬಿಡಿಸೋಕೆ ಗೀರೋ ಹೆಸರಿಗೆ ಯಾವ ಚೂರಾದರೇನು ಸ್ವಾಮಿ. ಹೋದ ಸಲ ಒಬ್ಬ ದೊಡ್ಡ ಮನುಷ್ಯರನ್ನ ಬಚ್ಚಲ ಕೊಳವೆ ಚೂರಿನ ಮೇಲೆ ಬರೆದು ಸಾಗಹಾಕಿದರು.

ಫೈನಿಪ್ಪೋಸ್: ಅವರಿಗೆ ನಡೀತದೆ, ಅವರು ದೊಡ್ಡವರು. ನನಗೆ ಕರಿ ಮೆರುಗಿನ ಬಟ್ಟಲ ಚೂರೇ ಆಗಬೇಕು.

ನಮ್ಮ ಅಥೆನ್ಸ್‌ನಲ್ಲಿ ಒಬ್ಬ ಮನುಷ್ಯ ತೀರಾ ಬೆಳೆದುಬಿಟ್ಟ ಅನ್ನಿಸಿದರೆ, ಜನ ಒಂದು ದಿನ ಗೊತ್ತುಮಾಡಿ, ಅವನ ಹೆಸರನ್ನು ಮಡಕೆ ಚೂರಿನ ಮೇಲೆ ಗೀರಿ ಪೇಟೆ ಚೌಕಕ್ಕೆ ತಂದು ಹಾಕುತ್ತಾರೆ. ಒಟ್ಟು ಆರು ಸಾವಿರ ಚೂರು ಬಿದ್ದರೆ ಎಣಿಕೆ ಊರ್ಜಿತ. ಹೆಚ್ಚು ಚೂರು ಯಾರ ಹೆಸರಿಗೋ ಅವನು ಹತ್ತು ದಿನದೊಳಗೆ ಊರು ಬಿಟ್ಟು ಹತ್ತು ವರ್ಷ ಹೊರಗಿರಬೇಕು. ಕುಂಬಾರನಾಗಿದ್ದ ನನ್ನ ಗಂಡ ಬಿಟ್ಟುಹೋದದ್ದು ಈ ಒಡಕು ರಾಶಿ. ಓದು ನನಗೆ ಅಷ್ಟಕ್ಕಷ್ಟೆ. ಆದರೆ ಒಂದು ಚೂರಿನಲ್ಲಿ ಹೆಸರು ಬರೆದುಕೊಟ್ಟರೆ, ಅದನ್ನೇ ನೋಡಿ ಮೊಳೆಯಲ್ಲಿ ಎಷ್ಟು ಬೇಕಾದರೂ ಗೀರಿಕೊಡುತ್ತೇನೆ.

ಆ ವರ್ಷ ಜನರ ಬಾಯಲ್ಲಿದ್ದವರು ಇಬ್ಬರು. ಇನ್ನೂ ಹಡಗು ಕಟ್ಟಬೇಕು ಎನ್ನುವವನು ಒಬ್ಬ. ಸ್ಪಾರ್ಟದವರ ಜೊತೆ ರಾಜಿಯಾಗಿ ಹೊಲ ಉಳೋಣ ಎನ್ನುವವನು ಇನ್ನೊಬ್ಬ. ಹಡಗಿನವನು, ಹೊಲದವನು ಎಂದೇ ಊರೆಲ್ಲ ಕರೆಯುತ್ತಿತ್ತು. ಫೈನಿಪ್ಪೋಸ್ ಯಾರ ಬಾಯಲ್ಲೂ ಇರಲಿಲ್ಲ.

ನಾನು: ಎಲ್ಲರೂ ಪರರ ಹೆಸರು ಬರೆಸ್ತಾರೆ. ನೀವ್ಯಾಕೆ ನಿಮ್ಮದನ್ನೇ ಬರೆಸ್ತೀರಿ?

ಫೈನಿಪ್ಪೋಸ್: ಇಪ್ಪತ್ತು ವರ್ಷದಿಂದ ಗುಡ್ಡದ ಮೇಲಿನ ಸಭೇಲಿ ಮಾತಾಡ್ತಿದೀನಿ. ಒಬ್ಬನಾದರೂ ನನ್ನ ದ್ವೇಷ ಮಾಡಿದ್ದಾನಾ?

ನಾನು: ಒಳ್ಳೇದೇ ಆಯ್ತಲ್ಲ.

ಫೈನಿಪ್ಪೋಸ್: ಏನು ಒಳ್ಳೇದು? ನಾನು ಎದ್ದು ನಿಂತ ಕೂಡಲೆ ಜನ ಬುತ್ತಿ ಬಿಚ್ಚಿ ಈರುಳ್ಳಿ ಕಡಿಯೋಕೆ ಶುರು ಮಾಡ್ತಾರೆ. ಓ, ಫೈನಿಪ್ಪೋಸ್ ಎದ್ದ, ಊಟದ ಹೊತ್ತಾಯ್ತು ಅಂತ.

ನಾನು: ಅದಕ್ಕೆ ಊರೇ ಬಿಡೋದಾ?

ಫೈನಿಪ್ಪೋಸ್: ಬಿಡೋನು ಮೊದಲನೆಯವನು. ನನಗೆ ಮೂರನೇ ಜಾಗ ಸಾಕು. ಕೊನೇಲಿ ಎಣಿಕೆ ಕೂಗ್ತಾರಲ್ಲ, ಹಡಗಿನವನು ಇಷ್ಟು, ಹೊಲದವನು ಇಷ್ಟು, ಫೈನಿಪ್ಪೋಸ್ ಇನ್ನೂರು. ಅಷ್ಟು ಊರಿನ ಕಿವಿಗೆ ಬಿದ್ದರೆ ನನ್ನ ಜನ್ಮ ಸಾರ್ಥಕ.

ನಾನು: ಇನ್ನೂರು ಚೂರು ಹಾಕೋರು ಯಾರು?

ಫೈನಿಪ್ಪೋಸ್: ಹಳ್ಳಿಯಿಂದ ಬರೋರಿಗೆ ಬಾಗಿಲಲ್ಲಿ ನಾನೇ ಹಂಚ್ತೀನಿ. ಚೂರಿನ ಜೊತೆ ಒಂದು ಅಂಜೂರ.

ನಾನು: ಯಾರಾದರೂ ನಿಮ್ಮ ಮುಖ ನೋಡಿ ಗುರುತು ಹಿಡಿದರೆ?

ಫೈನಿಪ್ಪೋಸ್: ಹಿಡಿಯೋದಿಲ್ಲ ಅಜ್ಜಿ. ಅದೇ ತಾನೇ ನನ್ನ ಸಂಕಟ.

ಇನ್ನೂರು ಗೀರಿಕೊಟ್ಟೆ. ಮೂರು ದಿನವಾಗಿತ್ತು, ತಲೆಯ ಮೇಲೆ ಸೆರಗು ಎಳೆದುಕೊಂಡು ಅವನ ಹೆಂಡತಿ ಹೆಡಿಸ್ಟೆ ಬಂದಳು. ಕೈಯಲ್ಲಿ ನನ್ನದೇ ಒಂದು ಚೂರು.

ಹೆಡಿಸ್ಟೆ: ಎಣ್ಣೆ ಜಾಡಿ ಹಿಂದೆ ಒಂದು ಮೂಟೆ ಸಿಕ್ತು ಅವ್ವಾ. ಈ ಬರವಣಿಗೆ ನಿಮ್ಮದಂತೆ. ನನ್ನ ಗಂಡನ ಮೇಲೆ ಹಲ್ಲು ಮಸೀತಿರೋನು ಯಾರು, ಹೇಳಿ.

ನಾನು: ಗಿರಾಕಿ ಹೆಸರು ಹೇಳೋದಿಲ್ಲ ತಾಯಿ.

ಹೆಡಿಸ್ಟೆ: ಅವರಿಗೆ ಶತ್ರುಗಳೇ ಇಲ್ಲ. ಇದ್ದರೆ ನಾನೊಬ್ಬಳು.

ಅಷ್ಟರಲ್ಲಿ ಫೈನಿಪ್ಪೋಸ್ ಅಂಜೂರದ ಬುಟ್ಟಿ ಹೊತ್ತು ಒಳಗೆ ಬಂದ.

ಹೆಡಿಸ್ಟೆ: ನೀವ್ಯಾಕ್ರೀ ಇಲ್ಲಿ?

ಫೈನಿಪ್ಪೋಸ್: ನೀನ್ಯಾಕೆ ಇಲ್ಲಿ? ನಾನು ಈ ಹಣ್ಣು ಇನ್ನೂರು ಚೂರಿಗೆ ಸಾಲ್ತದಾ ಅಂತ ಅಜ್ಜೀನ ಕೇಳೋಕೆ ಬಂದೆ.

ಹೆಡಿಸ್ಟೆ: ಅಂದರೆ ಈ ಮೂಟೆ ನಿಮ್ಮದೇ. ತನ್ನ ಹೆಸರು ತಾನೇ ಬರೆಸೋ ಗಂಡಸು ಎಲ್ಲಾದರೂ ಉಂಟೇನ್ರೀ? ನಾಳೆ ನಿಮ್ಮನ್ನ ಓಡಿಸಿ, ಮನೆ ಮುಟ್ಟುಗೋಲು ಹಾಕ್ಕೊಂಡರೆ ನಾನೆಲ್ಲಿಗೆ ಹೋಗಲಿ?

ಫೈನಿಪ್ಪೋಸ್: ಕಾನೂನು ತಿಳಿಯದೆ ಬಾಯಿ ಹಾಕಬೇಡ ಕಣೇ. ಹಾಗೆ ಓಡಿಸಿದರೂ ಮನೆ, ಆಲಿವ್ ತೋಟ, ದಾಸರು ಎಲ್ಲ ಇದ್ದ ಹಾಗೇ ಇರ್ತದೆ. ಹುಟ್ಟುವಳಿಯೂ ಮನೆಯವರಿಗೇ.

ಹೆಡಿಸ್ಟೆ: ಹೆಂಡತಿ?

ಫೈನಿಪ್ಪೋಸ್: ಮನೇಲೇ ಇರಬಹುದು. ಯಾರೂ ಏನೂ ಕೇಳೋಲ್ಲ.

ಹೆಡಿಸ್ಟೆ: ಹತ್ತು ವರ್ಷವೂ?

ಫೈನಿಪ್ಪೋಸ್: ಹತ್ತು ವರ್ಷವೂ. ಅದಕ್ಕೇ ಹೇಳೋದು, ಹೆದರೋಂಥದ್ದು ಏನಿಲ್ಲ ಅಂತ.

ಹೆಡಿಸ್ಟೆ ಸೆರಗು ಸರಿಸಿ ಜಗಲಿಯ ಮೇಲೆ ಕೂತಳು. ಚೂರಿನ ರಾಶಿಯನ್ನು ಬಹಳ ಹೊತ್ತು ನೋಡಿದಳು.

ಹೆಡಿಸ್ಟೆ: ಇವರು ನಿದ್ದೇಲೂ ಸಭೆ ಸೇರಿಸ್ತಾರೆ ಅವ್ವಾ. "ಅಥೆನ್ಸಿನ ಮಹನೀಯರೇ" ಅಂತ ಶುರು ಮಾಡಿದರೆ ಕೋಳಿ ಕೂಗೋವರೆಗೂ ಬಿಡೋಲ್ಲ. ಅಲ್ಲಿರೋ ಮಹನೀಯರು ನಾನೊಬ್ಬಳೇ.

ಫೈನಿಪ್ಪೋಸ್: ನೀನು ಮೆಚ್ಚಿಕೊಂಡು ಕೇಳ್ತೀಯ ಅಂದುಕೊಂಡಿದ್ದೆ.

ಹೆಡಿಸ್ಟೆ: ಕಿವಿಗೆ ಉಣ್ಣೆ ತುರುಕಿಕೊಂಡು ಗೋಡೆ ಕಡೆ ತಿರುಗಿದರೆ ಅದು ಮೆಚ್ಚುಗೆಯೇನ್ರೀ?

ಮಾರನೆ ದಿನ ಬೆಳಗಾಗುತ್ತಲೇ ಅವಳೊಬ್ಬಳೇ ಬಂದಳು.

ಹೆಡಿಸ್ಟೆ: ಮುನ್ನೂರು ಗೀರಿ ಅವ್ವಾ. ನಮ್ಮ ಅಣ್ಣಂದಿರು ಮೂರು ಜನ ಇದ್ದಾರೆ, ತಮ್ಮ ಕಡೆಯವರಿಗೆ ಹಂಚ್ತಾರೆ. ಹೆಸರಿನ ಜೊತೆ ಮಾವನವರ ಹೆಸರೂ ಇರಲಿ. ಬೇರೆ ಮನೆಯ ಫೈನಿಪ್ಪೋಸ್ ಯಾರಿಗಾದರೂ ತಟ್ಟಿದರೆ ಪಾಪ.

ಅದೇ ವಾರ ನನ್ನ ಬಾಗಿಲಿಗೆ ಒಂದು ಗಾಡಿ ಬಂತು. ಹಡಗಿನವನ ಪಾರುಪತ್ಯಗಾರ ಒಂದು ಕಡೆ, ಹೊಲದವನ ಪಾರುಪತ್ಯಗಾರ ಇನ್ನೊಂದು ಕಡೆ, ನಡುವೆ ಒಂದೇ ದ್ರಾಕ್ಷಾರಸದ ಜಾಡಿ. ಹಿಂದಿನ ತಿಂಗಳಷ್ಟೇ ಇವರಿಬ್ಬರೂ ಚೌಕದಲ್ಲಿ ಗಡ್ಡ ಹಿಡಿದು ಕಿತ್ತಾಡಿದ್ದರು. ಇಬ್ಬರ ಧಣಿಗಳಿಗೂ ತಾನೇ ಹೋಗಬೇಕಾದೀತೆಂಬ ಅಂಜಿಕೆ. ಯಾರದೋ ಮೂರನೆಯ ಹೆಸರು ಓಡಾಡುತ್ತಿದೆಯೆಂದು ಕೇಳಿ, ಅವನೇ ಹೋಗಲಿ, ನಾವಿಬ್ಬರೂ ಊರಲ್ಲೇ ಉಳಿದು ಹಾಯಾಗಿ ಜಗಳವಾಡೋಣ ಎಂದು ಒಳಗೊಳಗೇ ಒಪ್ಪಿಕೊಂಡಿದ್ದರು. ನನಗೆ ಸಾವಿರ ಚೂರು ಹೇಳಿ, ಉಳಿದದ್ದನ್ನು ಪಕ್ಕದ ಓಣಿಯ ಕುಂಬಾರರಿಗೆ ಹೇಳಿದರು.

ಚೂರು ಹಾಕುವ ಹಿಂದಿನ ದಿನ ಫೈನಿಪ್ಪೋಸ್ ಬಂದ. ಮುಖ ಬಾಡಿತ್ತು.

ಫೈನಿಪ್ಪೋಸ್: ನಿಜ ಹೇಳು ಅಜ್ಜಿ. ನಾನಲ್ಲದೆ ಬೇರೆ ಯಾರಾದರೂ ನನ್ನ ಹೆಸರು ಬರೆಸಿದಾರಾ?

ನಾನು: ಒಬ್ಬ ಗಿರಾಕಿ ಮಾತು ಇನ್ನೊಬ್ಬ ಗಿರಾಕಿಗೆ ಹೇಳೋದಿಲ್ಲ.

ಫೈನಿಪ್ಪೋಸ್: ಅಂದರೆ ಯಾರೂ ಇಲ್ಲ. ನಿನ್ನ ಮುಖ ನೋಡಿದರೇ ಗೊತ್ತಾಗ್ತದೆ. ಕನಿಕರ ಪಡ್ತಿದೀಯ.

ನಾನು: ಪಡ್ತಿರೋದು ನಿಜ. ಸ್ವಾಮಿ, ನಿಮ್ಮ ಇನ್ನೂರನ್ನ ಬಾವಿಗೆ ಹಾಕಿಬಿಡಿ.

ಫೈನಿಪ್ಪೋಸ್: ಆಮೇಲೆ ನನ್ನ ಹೆಸರು ಕೂಗೋರು ಯಾರು?

ನಾನು: ಕೂಗ್ತಾರೆ, ಚಿಂತೆ ಬೇಡ. ಆದರೆ ಮೂರನೇದಾಗಿ ಅಲ್ಲ.

ಫೈನಿಪ್ಪೋಸ್: ನಾಲ್ಕನೇದಾ?

ನಾನು: ಆ ಕಡೆ ಹೋಗಬೇಡಿ. ಈ ಕಡೆ ಬನ್ನಿ.

ಅವನು ಎದ್ದು ನನ್ನ ಈ ಕಡೆ ಬಂದು ಕೂತ.

ಫೈನಿಪ್ಪೋಸ್: ಬಂದೆ, ಹೇಳು. ಐದನೇದಾದರೂ ನನ್ನ ಹತ್ತಿರ ಮುಚ್ಚಬೇಡ.

ನಾನು: ಸ್ವಾಮಿ, ನಿಮ್ಮ ಹೆಸರು ಜಾಸ್ತಿಯಾಗಿದೆ.

ಫೈನಿಪ್ಪೋಸ್: ಸಮಾಧಾನಕ್ಕೆ ಹೇಳ್ತಿದೀಯ. ನೀನು ಒಳ್ಳೆಯವಳು. ಇನ್ನೂ ನೂರು ಗೀರು.

ಗೀರಿದೆ. ಅವನೇ ಪಕ್ಕದಲ್ಲಿ ಕೂತು ಒಂದೊಂದು ಚೂರನ್ನೂ ಅಂಗಿಯ ಅಂಚಿನಲ್ಲಿ ಒರೆಸಿ ಒರೆಸಿ ಕೊಟ್ಟ.

ಮಾರನೆ ದಿನ ಚೌಕದ ಸುತ್ತ ಹಲಗೆ ಬೇಲಿ ಕಟ್ಟಿದ್ದರು. ಹೆಂಗಸರಿಗೆ ಒಳಗೆ ಕೆಲಸವಿಲ್ಲ. ನಾನೂ ಹೆಡಿಸ್ಟೆಯೂ ಬೇಲಿಯ ಆಚೆ ನಿಂತೆವು. ಫೈನಿಪ್ಪೋಸ್ ಬಾಗಿಲಲ್ಲಿ ಹಂಚುತ್ತಿದ್ದ. ಹಳ್ಳಿಯವನೊಬ್ಬ ಚೂರು ತಿರುಗಿಸಿಕೊಟ್ಟು, "ಈ ಹೆಸರಿಂದು ನನ್ನ ಹತ್ತಿರ ಆಗಲೇ ಇದೆ, ಅಂಜೂರ ಮಾತ್ರ ಕೊಡಿ" ಎಂದ. ಫೈನಿಪ್ಪೋಸ್ ಅವನಿಗೆ ನಾಲ್ಕು ಹಣ್ಣು ಕೊಟ್ಟ. ಆಮೇಲೆ ಬಂದವರೂ ಅದನ್ನೇ ಹೇಳಿದರು. ಬುಟ್ಟಿ ಖಾಲಿಯಾಯಿತು, ಚೂರು ಹಾಗೇ ಉಳಿಯಿತು.

ಇಳಿಹೊತ್ತಿಗೆ ಎಣಿಕೆ ಮುಗಿದು ಕೂಗು ಕೇಳಿತು. ಮೊದಲ ಹೆಸರೇ ಫೈನಿಪ್ಪೋಸ್, ಮೂರು ಸಾವಿರದ ನೂರ ಹನ್ನೆರಡು. ಅವನು ಖಾಲಿ ಬುಟ್ಟಿಯ ಮೇಲೆ ಕೂತ. ಬುಟ್ಟಿ ಚಪ್ಪಟೆಯಾಯಿತು.

ಹೆಡಿಸ್ಟೆ: ಅವ್ವಾ, ನಾನು ಹೇಳಿದ್ದು ಮುನ್ನೂರು ತಾನೇ?

ನಾನು: ಮುನ್ನೂರೇ.

ಹೆಡಿಸ್ಟೆ: ಮಿಕ್ಕವರಿಗೂ ಇವರ ನಿದ್ದೆ ಭಾಷಣ ಕೇಳಿಸ್ತಿತ್ತಾ ಹಾಗಾದರೆ?

ಆಮೇಲಿನ ಹತ್ತು ದಿನ ಊರೇ ಬೇರೆಯಾಗಿತ್ತು. ಅವನು ಬೀದಿಗೆ ಬಂದರೆ ಜನ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಮೂರು ಸಾವಿರ ಜನ ಹೆದರಿದ ಮನುಷ್ಯ, ಏನು ಹೂಡಿದ್ದನೋ ಏನೋ ಎಂಬ ಗುಸುಗುಸು. ಮೀನಿನವಳು ಹಳಸಿದ್ದನ್ನು ಅಡಿಗೆ ತಳ್ಳಿ ಒಳ್ಳೆಯ ಹಾವುಮೀನು ತೆಗೆದುಕೊಟ್ಟಳು. ಕ್ಷೌರಿಕನ ಕತ್ತರಿ ಅಂಜಿಕೆಗೆ ಜಾರಿ ಗಡ್ಡ ಒಂದು ಕಡೆ ಗಿಡ್ಡವಾಯಿತು. ಫೈನಿಪ್ಪೋಸ್ ಅದನ್ನೂ ಹೆಮ್ಮೆಯಿಂದ ಹೊತ್ತು ತಿರುಗಿದ.

ಹತ್ತನೆಯ ದಿನ ಹೇಸರಗತ್ತೆಯ ಮೇಲೆ ಗಂಟು ಹೇರಿ ನನ್ನ ಬಾಗಿಲಿಗೆ ಬಂದರು. ಅವನ ಮುಖ ಮದುವಣಿಗನ ಹಾಗಿತ್ತು. ಹೆಡಿಸ್ಟೆಯ ಕಣ್ಣು ಊದಿಕೊಂಡಿತ್ತು.

ಹೆಡಿಸ್ಟೆ: ಒಂಬತ್ತು ರಾತ್ರಿಯಾಯ್ತು ಅವ್ವಾ, ನಿದ್ದೇಲಿ ತುಟಿ ಪಿಟಕ್ ಅಂದಿಲ್ಲ. ಮಗು ಹಾಗೆ ಮಲಗ್ತಾರೆ. ಇಂಥ ಗಂಡನ್ನ ಕೈಯಾರೆ ಕಳಿಸ್ತಿದೀನಲ್ಲ.

ಫೈನಿಪ್ಪೋಸ್: ಇನ್ನು ಹೇಳೋಕೆ ಏನಿದೆ ಕಣೇ. ಎಲ್ಲರಿಗೂ ಕೇಳಿಸ್ತಲ್ಲ.

ಹೆಡಿಸ್ಟೆ: ಮೊದಲೇ ಹೀಗೆ ಮಲಗಿದ್ದರೆ ಆ ಮುನ್ನೂರು...

ಫೈನಿಪ್ಪೋಸ್: ಯಾವ ಮುನ್ನೂರು?

ಹೆಡಿಸ್ಟೆ: ಮುನ್ನೂರು ಹರಕೆ ಕಟ್ಟಿಕೊಳ್ತಿದ್ದೆ ಅಂದೆ. ನಡೀರಿ, ಹೊತ್ತಾಯ್ತು. ಬುತ್ತಿಗೆ ಕಟ್ಟಿದ ಗಿಣ್ಣು ಬಿಸಿಲಿಗೆ ಕರಗ್ತದೆ.

ಹೇಸರಗತ್ತೆ ಎರಡು ಹೆಜ್ಜೆ ಇಟ್ಟಿತು. ಅವನು ಹಗ್ಗ ಎಳೆದು ನಿಲ್ಲಿಸಿದ. ಹೆಂಡತಿಗೆ ಕೇಳಿಸಬಾರದೆಂದು ನನ್ನ ಕಿವಿಯ ಹತ್ತಿರ ಬಗ್ಗಿದ.

ಫೈನಿಪ್ಪೋಸ್: ಅಜ್ಜಿ, ಹತ್ತು ವರ್ಷ ಕಳೆದು ತಿರುಗಿ ಬರ್ತೀನಲ್ಲ, ಆಗ ಇನ್ನೊಂದು ಸಲ ನನ್ನ ಹೊರಗೆ ಹಾಕ್ತಾರೆ ಅಂತೀಯಾ?